ದೇವದಾರಿನ ಹಾಸು

ಆ ಮನೆಯಲ್ಲಿ ಎರಡು ಬಗೆಯ ಇಲಿಗಳಿದ್ದವು. ಅಡುಗೆಮನೆಯ ಇಲಿಗಳನ್ನು ಅತ್ತೆ ಬೋನಿಟ್ಟು ಹಿಡಿಯುತ್ತಿದ್ದರು. ಹೊರಕೋಣೆಯ ಇಲಿಗಳನ್ನು ಸೊಸೆ ಸಾಕುತ್ತಿದ್ದಳು.

"ಒಬ್ಬಳು ಬೋನಿಟ್ಟು ಹಿಡಿಯೋದು, ಇನ್ನೊಬ್ಬಳು ತೊಟ್ಟಿಲು ಕಟ್ಟಿ ತೂಗೋದು. ಇಂಥ ಸಂಸಾರ ಇನ್ನೆಲ್ಲಾದ್ರೂ ನೋಡಿದೀರಾ?" ಎಂದು ಅತ್ತೆ ನಲ್ಲಿಯ ಹತ್ತಿರ ನೆರೆಯವರನ್ನು ಕೇಳುತ್ತಿದ್ದರು. ನೆರೆಯವರು ನಕ್ಕರೆ ಅವರಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಸೊಸೆಯ ಇಲಿಗಳು ಬೇರೆ ಜಾತಿಯವು. ಕೆನೆಬಣ್ಣ, ಕರಿಮಣಿಯಂಥ ಕಣ್ಣು, ಅಂಗೈಯಲ್ಲಿ ಕೂರುವಷ್ಟು ಗಾತ್ರ. ಅವಳು ಮೊದಲು ಅಂಗಿ ಕಾರ್ಖಾನೆಯ ಕತ್ತರಿ ವಿಭಾಗದಲ್ಲಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಮುಖ್ಯರಸ್ತೆಯ ಸಾಕುಪ್ರಾಣಿ ಅಂಗಡಿಯವಳು ಒಂದು ಗಂಡು, ಮೂರು ಹೆಣ್ಣು ಕೊಟ್ಟು, "ಮರಿ ಮಾಡಿಸಿ ಕೊಡಿ, ಈ ಬಣ್ಣಕ್ಕೆ ಕೇಳೋರಿದ್ದಾರೆ" ಎಂದಿದ್ದಳು. ಸೊಸೆ ಮರಿ ಮಾಡಿಸಿ ಕೊಟ್ಟಳು. ಮನೆಯ ಹಾಲು, ಗ್ಯಾಸು ಅದರಲ್ಲೇ ನಡೆಯುತ್ತಿದ್ದವು.

ಅತ್ತೆಯ ಲೆಕ್ಕ ಬೇರೆ. ಮಾವ ದುಡಿದು ನಿವೃತ್ತರಾದ, ಈಗ ಮಗ ದುಡಿಯುತ್ತಿರುವ ಮರದ ಕಾರ್ಖಾನೆಯ ಪಾಲಿಶ್ ಕೋಣೆಯಲ್ಲಿ ಹೆಂಗಸರಿಗೆ ಕೆಲಸವಿತ್ತು.

"ಮೇಸ್ತ್ರಿ ಮತ್ತೆ ಹೇಳಿ ಕಳಿಸಿದಾರೆ. ನೀನು ಹ್ಞೂಂ ಅಂದ್ರೆ ನಾಳೆನೇ ಸೇರಿಸ್ಕೊಳ್ತಾರಂತೆ" ಎಂದರು ಅತ್ತೆ, ಅನ್ನ ಬಡಿಸುತ್ತ.

"ಇದೂ ಕೆಲಸಾನೇ ಅಲ್ವಾ ಅತ್ತೆ?"

"ಹೌದೌದು. ಇಲಿ ಆಯ್ತು, ನಾಳೆ ಜಿರಳೆಗೊಂದು ಬಾಣಂತಿ ಕೋಣೆ ಕಟ್ಟಿಸು."

ಮಗ ನಗು ತಡೆಯಲಾರದೆ ನೀರು ಕುಡಿದ. ಸೊಸೆ ನಗಲಿಲ್ಲ. ಪಾಲಿಶ್ ಕೋಣೆಯಿಂದ ಸಂಜೆ ಹೊರಬರುವ ಹೆಂಗಸರನ್ನು ಅವಳು ನೋಡಿದ್ದಳು. ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ, ಒಬ್ಬರ ಜೊತೆ ಒಬ್ಬರು ಮಾತಾಡದೆ ಬರುತ್ತಿದ್ದರು. ಅಲ್ಲಿಗೆ ಹೋಗದೆ ಇರಬೇಕಾದರೆ ಇಲಿಗಳು ಉಳಿಯಬೇಕು, ಮರಿ ಹಾಕಬೇಕು. ಅವಳಿಗೆ ಬೇರೆ ದಾರಿ ಇರಲಿಲ್ಲ.

"ಬಿಡೇ, ಅವಳ ಪಾಡಿಗೆ ಅವಳು ಏನೋ ಮಾಡ್ಕೊಳ್ತಾಳೆ" ಎಂದರು ಮಾವ. ಇನ್ನೂ ಏನೋ ಹೇಳುವವರಿದ್ದರು. ಕೆಮ್ಮು ಬಂತು. ಕೆಮ್ಮು ಮುಗಿಯುವಷ್ಟರಲ್ಲಿ ಮಾತು ತಣ್ಣಗಾಗಿತ್ತು.

ಅಂಗಿ ಕಾರ್ಖಾನೆ ಮುಚ್ಚಿದಾಗ ಸೊಸೆ ಕತ್ತರಿ ವಿಭಾಗದ ಬಿಳಿ ಕಾಗದದ ಸುರುಳಿಗಳನ್ನು ಹೊತ್ತು ತಂದಿದ್ದಳು. ಅದನ್ನು ಸಣ್ಣಗೆ ಹರಿದು ಇಲಿಗಳಿಗೆ ಹಾಸುತ್ತಿದ್ದಳು. ಈಗ ಕಾಗದ ಮುಗಿಯಿತು. ಹಳೆಯ ಪತ್ರಿಕೆ ಹಾಸಿದರೆ ಮಸಿ ಮೈಗೆ ಹತ್ತಿ ಕೆನೆಬಣ್ಣ ಬೂದಿಯಾಗುತ್ತಿತ್ತು. ಬಟ್ಟೆ ಚೂರು ಹಾಕಿದರೆ ನೂಲು ಬಿಚ್ಚಿ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತಿತ್ತು.

"ಇಷ್ಟಕ್ಕೆಲ್ಲ ಯಾಕಮ್ಮ ಯೋಚನೆ? ನಾನಿಲ್ವಾ?" ಎಂದರು ಮಾವ.

ಮಾವ ಬಟ್ಟೆ ಪೆಟ್ಟಿಗೆ ಮಾಡುವ ಬಡಗಿ. ಉಣ್ಣೆ ಬಟ್ಟೆಗೆ ನುಸಿ ಹತ್ತಬಾರದೆಂದು ದೇವದಾರು ಮರದಲ್ಲಿ ಮಾಡುವ ದೊಡ್ಡ ಪೆಟ್ಟಿಗೆಗಳು. ವಾಸನೆ ಕಡಿಮೆ ಇರುವ ಹಲಗೆಯನ್ನು ಅವರು ಮುಟ್ಟುತ್ತಿರಲಿಲ್ಲ. ನಿವೃತ್ತರಾದ ಮೇಲೆ ಅವರಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿರಲಿಲ್ಲ. ಈಗ ಸಿಕ್ಕಿತು. ಚೀಲ ಹಿಡಿದು ಕಾರ್ಖಾನೆಗೆ ಹೋಗಿ, ಹಲಗೆ ನುಣುಪು ಮಾಡಲು ಹತ್ತರಿ ಹೊಡೆಯುವವನ ಪಕ್ಕ ಕುಳಿತು, ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆಯಲ್ಲಿ ತಿರುಳಿನ ಕೆಂಪು ಸಿಪ್ಪೆಯನ್ನಷ್ಟೇ ಆರಿಸಿ ತರುತ್ತಿದ್ದರು. ಜರಡಿ ಹಿಡಿದು, ವಾಸನೆ ಹಾರಿಹೋಗದಂತೆ ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಗಳಲ್ಲಿ ತುಂಬಿಡುತ್ತಿದ್ದರು.

"ಮೂಸಿ ನೋಡು" ಎಂದು ಡಬ್ಬಿಯನ್ನು ಸೊಸೆಯ ಮೂಗಿಗೆ ಹಿಡಿದರು. "ಇಂಥ ಹಾಸಿಗೆ ಸಾಹುಕಾರರಿಗೂ ಸಿಗಲ್ಲ. ಉಣ್ಣಿ, ಹೇನು, ನುಸಿ ಯಾವುದೂ ಹತ್ತಿರ ಸುಳಿಯಲ್ಲ."

"ಎಷ್ಟು ಚೆನ್ನಾಗಿದೆ ಮಾವ!"

"ನನಗೊಂದು ದಿನ ಇಷ್ಟು ಉಪಚಾರ ಮಾಡಿದ್ದುಂಟಾ ನೀವು?" ಎಂದರು ಅತ್ತೆ ಒಳಗಿನಿಂದ.

"ನೀನು ಮರಿ ಹಾಕು, ಮಾಡ್ತೀನಿ."

"ಥೂ, ಸೊಸೆ ಮುಂದೆ!"

ಆ ವಾರವೆಲ್ಲ ಮನೆಯಲ್ಲಿ ಒಂದಿಷ್ಟು ನಗುವಿತ್ತು.

ಮುಂದಿನ ವಾರ ಇಲಿಗಳು ಸೀನತೊಡಗಿದವು. ಸೊಸೆ ಒಂದನ್ನು ಕಿವಿಗೆ ಹಿಡಿದಳು. ಉಸಿರಿನ ಜೊತೆ ಗಡಿಯಾರದಂತೆ ಟಿಕ್ ಟಿಕ್ ಸದ್ದು ಬರುತ್ತಿತ್ತು. ಮೂಗಿನ ಸುತ್ತ ಕೆಂಪು ಕಲೆ. ಮರಿಗಳಲ್ಲಿ ಎರಡು ಗೂಡಿನ ಮೂಲೆಯಲ್ಲಿ ಸತ್ತು ಬಿದ್ದಿದ್ದವು. ಉಳಿದವು ಬೆನ್ನು ಗೂನು ಮಾಡಿಕೊಂಡು ಕುಳಿತಿದ್ದವು.

ಅವಳ ಕಣ್ಣು ಸೊಳ್ಳೆ ಬತ್ತಿಯ ಮೇಲೆ ಬಿತ್ತು. ಈಚೆಗೆ ಅತ್ತೆ ಅದನ್ನು ಸಂಜೆಯಾದೊಡನೆ ಹೊರಕೋಣೆಯಲ್ಲೇ ಹಚ್ಚುತ್ತಿದ್ದರು.

"ಅತ್ತೆ, ಈ ಹೊಗೆಯಿಂದ ನನ್ನ ಇಲಿ ಸಾಯ್ತಿವೆ."

"ಇಷ್ಟು ದಿನ ಸಾಯದ್ದು ಈಗ ಸತ್ತವಾ?"

"ಇಷ್ಟು ದಿನ ನೀವು ಅಡುಗೆಮನೇಲಿ ಹಚ್ತಿದ್ರಿ. ಈಗ ಬೇಕು ಅಂತಲೇ ಇಲ್ಲಿ ಹಚ್ತಿದೀರಿ. ನನ್ನನ್ನ ಪಾಲಿಶ್ ಕೋಣೆಗೆ ದಬ್ಬೋಕೆ."

ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಏನಂದೆ? ನಾನು ವಿಷ ಇಟ್ಟೆ ಅಂತೀಯಾ?"

"ನಾನು ಹಾಗನ್ನಲಿಲ್ಲ."

"ಅನ್ನೋಕೆ ಇನ್ನೇನು ಉಳಿಸಿದೆ?"

ಅವತ್ತಿನಿಂದ ಅತ್ತೆ ಸೊಳ್ಳೆ ಬತ್ತಿ ಹಚ್ಚಲಿಲ್ಲ. ಬತ್ತಿಯ ಪೊಟ್ಟಣವನ್ನೇ ಬೀದಿಗೆ ಎಸೆದರು. ಊಟದ ಹೊತ್ತಿಗೆ ಕೈಕಾಲು ಕೆರೆದುಕೊಳ್ಳುತ್ತ, ಎಲ್ಲರಿಗೂ ಬಡಿಸಿ, ತಮ್ಮ ತಟ್ಟೆಯನ್ನು ಅಡುಗೆಮನೆಗೆ ಒಯ್ದು ಒಬ್ಬರೇ ಉಣ್ಣುತ್ತಿದ್ದರು. ಮಗ ಕರೆದರೆ, "ನಾನು ಬಂದ್ರೆ ಇನ್ನೆಷ್ಟು ಜೀವ ಹೋಗ್ತಾವೋ" ಎನ್ನುತ್ತಿದ್ದರು.

ಬತ್ತಿ ನಿಂತರೂ ಸಾವು ನಿಲ್ಲಲಿಲ್ಲ. ಉಳಿದ ಮರಿಗಳು ಹೋದವು, ಒಂದು ಹೆಣ್ಣೂ ಸತ್ತಿತು. ಗಂಡು ಮೇವು ಬಿಟ್ಟಿತು.

"ಕಾಯಿಲೆ ಬಂದಾಗ ಹಾಸಿಗೆ ದಿನಾ ಬದಲಾಯಿಸ್ಬೇಕು" ಎಂದರು ಮಾವ. "ಹಳೇ ಸಿಪ್ಪೇಲಿ ಸತ್ವ ಇರಲ್ಲ. ನಾನು ಹಸೀದು ತರ್ತೀನಿ."

ಎರಡು ಹೊತ್ತೂ ಹೋಗಿ ಬರತೊಡಗಿದರು. ಆಗಷ್ಟೇ ಹತ್ತರಿಯಿಂದ ಬಿದ್ದ, ಮುಟ್ಟಿದರೆ ಕೈಗೆ ಎಣ್ಣೆಯ ಪಸೆ ಹತ್ತುವ ಸಿಪ್ಪೆ. ಸೊಸೆ ಅದನ್ನು ಇಲಿಗಳ ಸುತ್ತ ದಪ್ಪವಾಗಿ ಒತ್ತಿದಳು, ಚಳಿ ತಾಗಬಾರದೆಂದು ಪಂಜರದ ಮೇಲೆ ಗೋಣಿಯನ್ನೂ ಹೊದಿಸಿದಳು. ಗಂಡು ಸತ್ತಿತು. ಎರಡನೆಯ ಹೆಣ್ಣೂ ಸತ್ತಿತು. ಉಳಿದದ್ದು ಒಂದೇ ಹೆಣ್ಣು. ಅವಳು ಅದನ್ನು ದೊರೆಸಾನಿ ಎನ್ನುತ್ತಿದ್ದಳು. ಅದರ ಹೊಟ್ಟೆಯಲ್ಲಿ ಮರಿಗಳಿದ್ದವು.

ಅದೇ ದಿನಗಳಲ್ಲಿ ಅಂಗಡಿಯವಳು ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಮನೆಗೇ ಬಂದಳು. ಒಳಗೆ ಹಿಂದಿನ ಸಲ ಕೊಟ್ಟ ಮರಿಗಳಲ್ಲಿ ನಾಲ್ಕು.

"ಗಿರಾಕಿ ವಾಪಸ್ ಕೊಟ್ಟರು. ಉಸಿರು ಎಳೀತಿವೆ ನೋಡಿ. ನನ್ನ ಅಂಗಡೀಲಿ ಬೇರೆ ಪ್ರಾಣಿಗಳೂ ಇವೆ, ಅವಕ್ಕೂ ಅಂಟಿದ್ರೆ?"

"ಮುಂದಿನ ಸೂಲಿನಲ್ಲಿ ಚೆನ್ನಾಗಿರೋವೇ ಕೊಡ್ತೀನಿ ಅಕ್ಕ."

"ಚೆನ್ನಾಗಿದ್ರೆ ನೋಡೋಣ. ಹೊಸ ಜೋಡಿ ಮಾತ್ರ ಕೇಳಬೇಡಿ. ಇವನ್ನ ಕೊಟ್ಟೋರು ಸಾಕೋದೇ ಬಿಟ್ಟರು, ಈ ಬಣ್ಣ ಈಗ ಎಲ್ಲೂ ಇಲ್ಲ."

ಆ ನಾಲ್ಕೂ ಎರಡೇ ದಿನ ಬದುಕಿದವು. ಸೊಸೆ ದೊರೆಸಾನಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಪಶುವೈದ್ಯೆಯ ಹತ್ತಿರ ಹೋದಳು. ಸಾಲಿನಲ್ಲಿದ್ದವರು ನಾಯಿ ಹಿಡಿದಿದ್ದರು, ಕರು ಹಿಡಿದಿದ್ದರು. ಅವಳ ಪೆಟ್ಟಿಗೆಯಲ್ಲಿ ಇಣುಕಿದವನೊಬ್ಬ, "ಬೆಕ್ಕನ್ನೂ ಕರ್ಕೊಂಡು ಬರಬಹುದಿತ್ತು" ಎಂದ.

ವೈದ್ಯೆ ಮುಚ್ಚಳ ತೆಗೆದವಳೇ ತಲೆ ಹಿಂದಕ್ಕೆ ಎಳೆದುಕೊಂಡಳು. "ಇದೇನು, ಬಟ್ಟೆ ಪೆಟ್ಟಿಗೆ ವಾಸನೆ?"

"ದೇವದಾರಿನ ಸಿಪ್ಪೆ ಡಾಕ್ಟ್ರೇ. ದಿನಾ ಹೊಸದು ಹಾಕ್ತೀನಿ."

"ಯಾಕೆ?"

"ನುಸಿ ಹತ್ತಬಾರದು ಅಂತ."

"ನುಸಿ ಯಾಕೆ ಹತ್ತಲ್ಲ ಅಂತ ಯೋಚನೆ ಮಾಡಿದೀರಾ? ಈ ಮರದಲ್ಲಿ ಎಣ್ಣೆ ಇರುತ್ತೆ. ಅದು ಗಾಳಿಗೆ ಸೇರೋದೇ ವಾಸನೆ. ನುಸಿ ದೂರ ಇರೋದು ಅದಕ್ಕೇ. ಇಷ್ಟು ಚಿಕ್ಕ ಪ್ರಾಣಿ ಇಡೀ ದಿನ ಅದರಲ್ಲೇ ಮೂಗು ಹುದುಗಿಸಿ ಮಲಗಿದ್ರೆ ಶ್ವಾಸಕೋಶ ಕೆಡುತ್ತೆ, ಲಿವರಿಗೂ ಪೆಟ್ಟು."

ಸೊಸೆ ಪೆಟ್ಟಿಗೆಯಿಂದ ಸಿಪ್ಪೆ ತೆಗೆಯತೊಡಗಿದಳು. "ಮತ್ತೆ ಏನು ಹಾಸಲಿ?"

"ಅಚ್ಚಾಗದ ಬಿಳಿ ಕಾಗದ. ವಾಸನೆ ಇರಬಾರದು, ಧೂಳಿರಬಾರದು, ನೂಲಿರಬಾರದು. ಅಷ್ಟೇ."

"ಡಾಕ್ಟ್ರೇ, ಮನುಷ್ಯರಿಗೆ?"

"ನಾನು ಪ್ರಾಣಿಗಳ ಡಾಕ್ಟ್ರು" ಎಂದು ಆಕೆ ಕೈ ತೊಳೆಯಲು ಎದ್ದಳು. ಆಮೇಲೆ ತಿರುಗಿ, "ಅದರ ಧೂಳಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡೋರಿಗೆ ದಮ್ಮು ಬರೋದುಂಟು. ಮನೇಲಿ ಯಾರಿಗಾದ್ರೂ ಕೆಮ್ಮಿದ್ರೆ ಅವರ ಡಾಕ್ಟರಿಗೆ ತೋರಿಸಿ" ಎಂದಳು.

ಗಂಡ ಕೆಲಸದಿಂದ ಬರುವುದನ್ನೇ ಬೀದಿಯ ತಿರುವಿನಲ್ಲಿ ಕಾದು ಅವಳು ಎಲ್ಲ ಹೇಳಿದಳು. ಅವನ ಅಂಗಿ, ತಲೆಗೂದಲು, ರೆಪ್ಪೆ ಎಲ್ಲದರ ಮೇಲೂ ಕೆಂಪು ಧೂಳಿತ್ತು.

"ಅಪ್ಪನಿಗೆ ಹೇಳಬೇಡ" ಎಂದ ಅವನು.

"ಅತ್ತೆಗೆ ಏನು ಹೇಳಲಿ? ಅವರ ಮೇಲೆ ಎಲ್ಲಾ ಹಾಕಿದೀನಿ."

"ಅಮ್ಮ ತಡ್ಕೊಳ್ತಾಳೆ. ಅಪ್ಪ ತಡ್ಕೊಳ್ಳಲ್ಲ. ಅವರಿಗೆ ಈಗ ಇರೋದು ಅದೊಂದೇ ಓಡಾಟ."

"ನಿಮಗೆ ಕೆಮ್ಮಿದೆಯೇನ್ರೀ?"

"ನಡಿ, ಹಸಿವಾಗ್ತಿದೆ."

ಅವಳು ಅಚ್ಚುಮನೆಯ ಹಿಂಬಾಗಿಲಿಗೆ ಹೋಗಿ ಕತ್ತರಿಸಿ ಎಸೆದ ಬಿಳಿ ಅಂಚುಗಳನ್ನು ಕೇಳಿ ತಂದಳು. ದೊರೆಸಾನಿಯನ್ನು ಒಳಕೋಣೆಯ ಮಂಚದ ಕೆಳಗಿಟ್ಟಳು. ಮಾವ ದಿನವೂ ತರುತ್ತಿದ್ದ ಸಿಪ್ಪೆಯನ್ನು ಅವರ ಎದುರಿಗೆ ತೆಗೆದುಕೊಂಡು, "ಚೆನ್ನಾಗಿದೆ ಮಾವ" ಎಂದು ಹೇಳಿ, ಅವರು ಅತ್ತ ಹೋದೊಡನೆ ಬೀದಿಯ ಕಸದ ತೊಟ್ಟಿಗೆ ಸುರಿಯುತ್ತಿದ್ದಳು. ಒಂದು ಬೆಳಿಗ್ಗೆ ತೊಟ್ಟಿಯ ಹತ್ತಿರ ತಿರುಗಿ ನೋಡಿದರೆ, ಹಿಂದೆ ಅತ್ತೆ ಕಸದ ಬುಟ್ಟಿ ಹಿಡಿದು ನಿಂತಿದ್ದರು.

ಅತ್ತೆ ಅಲ್ಲಿ ಏನೂ ಕೇಳಲಿಲ್ಲ. ಮಧ್ಯಾಹ್ನ ಮೊದಲ ಸಲ ತಮ್ಮ ತಟ್ಟೆಯನ್ನು ಎಲ್ಲರ ಜೊತೆ ಇಟ್ಟುಕೊಂಡು ಕುಳಿತರು. ಅಂದು ಮಗನಿಗೆ ರಜೆ.

"ಇವರು ಬೆವರು ಸುರಿಸಿ ಹೊತ್ತು ತರೋದನ್ನ ನೀನು ಯಾಕೆ ತೊಟ್ಟಿಗೆ ಸುರೀತೀಯಾ?"

"ಅಮ್ಮ, ಊಟ ಮಾಡು" ಎಂದ ಮಗ.

"ನಾನು ಅವಳನ್ನ ಕೇಳ್ತಿದೀನಿ. ಇಷ್ಟು ದಿನ ನಾನು ಈ ಮನೇಲಿ ಕೊಲೆಗಾತಿ ಥರ ಕೂತು ಉಂಡಿದೀನಿ. ನನಗೆ ಉತ್ತರ ಬೇಕು."

ಸೊಸೆ ಗಂಡನನ್ನು ನೋಡಿದಳು. ಅವನು ತಟ್ಟೆ ನೋಡುತ್ತಿದ್ದ.

"ಹೊಗೆಯಿಂದ ಅಲ್ಲ ಅತ್ತೆ. ನಂದು ತಪ್ಪಾಯ್ತು. ಸಿಪ್ಪೆಯಿಂದ. ದೇವದಾರಿನ ವಾಸನೆ ಇಲಿಗಳಿಗೆ ಆಗಲ್ಲವಂತೆ."

ಮಾವ ತುತ್ತು ಎತ್ತಿದ ಕೈಯನ್ನು ಇಳಿಸಿದರು. "ಯಾರು ಹೇಳಿದ್ದು?"

"ಪ್ರಾಣಿ ಡಾಕ್ಟ್ರು."

"ಅವಳಿಗೇನು ಗೊತ್ತು ಮರ? ನಾನು ಇಡೀ ಆಯುಸ್ಸು ಅದರಲ್ಲೇ ಉಸಿರಾಡಿದೀನಿ. ಸತ್ತೆನಾ? ಸತ್ತಿದ್ರೆ ಇಲ್ಲಿ ಕೂತು..." ಕೆಮ್ಮು ಹಿಡಿಯಿತು. ಈ ಸಲ ಅದು ಬೇಗ ಬಿಡಲಿಲ್ಲ. ಅತ್ತೆ ಬೆನ್ನು ನೀವಿದರು. ಯಾರೂ ಊಟ ಮಾಡುತ್ತಿರಲಿಲ್ಲ. ಎಲ್ಲರೂ ಆ ಕೆಮ್ಮನ್ನೇ ಕೇಳುತ್ತಿದ್ದರು, ಅದು ಮನೆಗೆ ಹೊಸದಾಗಿ ಬಂದದ್ದೇನೋ ಎಂಬಂತೆ.

ಉಸಿರು ತಿರುಗಿದ ಮೇಲೆ ಮಾವ ಮೆಲ್ಲಗೆ ಕೇಳಿದರು: "ಇಲಿಗಷ್ಟೇನಾ?"

ಅತ್ತೆಯ ಕೈ ಮಾವನ ಬೆನ್ನಿನ ಮೇಲೆಯೇ ಇತ್ತು.

ಮರುದಿನ ಮಾವ ಚೀಲವಿಲ್ಲದೆ ಕಾರ್ಖಾನೆಗೆ ಹೋದರು. ಪೆಟ್ಟಿಗೆ ವಿಭಾಗದಲ್ಲಿ ಒಬ್ಬೊಬ್ಬರ ಮಣೆಯ ಹತ್ತಿರವೂ ನಿಂತು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಹೊರಗೆ ಹೋಗಿ ಉಸಿರಾಡಿ ಬನ್ನಿ, ನಮ್ಮ ಸೊಸೆಯ ಇಲಿಗಳೆಲ್ಲ ಸತ್ತವು ಎಂದರು. ಹುಡುಗರು ನಕ್ಕರು. "ಅಜ್ಜ, ನಮಗೆ ಬಾಲ ಇಲ್ಲ" ಎಂದನೊಬ್ಬ. ಆದರೆ ಇಬ್ಬರು ನಗಲಿಲ್ಲ. ಅವರು ಹೋಗಿ ಮೇಸ್ತ್ರಿಯನ್ನು ಬಟ್ಟೆ ಕೇಳಿದರು, ಗಾಳಿ ಹೊರಗೆಳೆಯುವ ಫ್ಯಾನು ಯಾವಾಗ ರಿಪೇರಿ ಎಂದೂ ಕೇಳಿದರು.

ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ ಕೂಗಿದ.

"ಅಪ್ಪ, ನಿಮಗೆ ಯಾರು ಹೇಳಿದ್ದು ಅಲ್ಲಿಗೆ ಹೋಗೋಕೆ?"

"ನಾನು ಕಲಿಸಿದ ಹುಡುಗರು ಕಣೋ. ಹೇಳಬೇಡವಾ?"

"ನೀವು ಹೇಳಿ ಮನೆಗೆ ಬಂದ್ರಿ. ಮೇಸ್ತ್ರಿ ಹಿಡಿದಿದ್ದು ನನ್ನನ್ನ. ಕೆಲಸದೋರನ್ನ ಎತ್ತಿ ಕಟ್ತಿದೀರಂತೆ ನೀವು ಅಪ್ಪ ಮಗ. ನಾನು ಬೇರೆ ಎಲ್ಲಿಗೆ ಹೋಗಲಿ? ನನಗೆ ಪೆಟ್ಟಿಗೆ ಬಿಟ್ಟು ಇನ್ನೇನು ಬರುತ್ತೆ? ಅದನ್ನೂ ಕಲಿಸಿದ್ದು ನೀವೇ."

ಮಾವ ಗೋಡೆಯ ಕಡೆ ನೋಡಿದರು. ಮಗ ಕುಳಿತ. ದನಿ ಇಳಿಸಿ, ಹೆಂಡತಿಯ ಮುಖ ನೋಡದೆ ಹೇಳಿದ: "ಒಂದು ದಾರಿ ಹೇಳಿದಾರೆ. ನೀನು ತಿಂಗಳ ಕೊನೆಗೆ ಪಾಲಿಶ್ ಕೋಣೆಗೆ ಸೇರ್ಕೋಬೇಕಂತೆ. ಈ ಮನೆಯವಳೇ ಬಂದು ಕೆಲಸ ಮಾಡ್ತಿದಾಳೆ ಅಂದ್ರೆ ಎಲ್ಲರ ಬಾಯೂ ಮುಚ್ಚುತ್ತೆ ಅಂತ."

"ಸೇರದಿದ್ರೆ?"

"ನನ್ನನ್ನ ಉಳಿಸ್ಕೊಳ್ಳೋದು ಕಷ್ಟ ಅಂತ."

"ನನ್ನ ಹತ್ರ ಇಲಿ ಇದೆ. ಮರಿ ಬರ್ತವೆ."

ಈ ಸಲ ಅತ್ತೆ ಜಿರಳೆಯ ಮಾತೆತ್ತಲಿಲ್ಲ.

ದೊರೆಸಾನಿ ಆ ವಾರವೇ ಹೆತ್ತಿತು. ಬಿಳಿ ಕಾಗದದ ಗೂಡಿನಲ್ಲಿ ಏಳು ಗುಲಾಬಿ ಜೀವಗಳು. ಸೊಸೆ ಪಂಜರ ಮುಟ್ಟಲಿಲ್ಲ. ಮಂಚದ ಮೇಲೆ ಯಾರನ್ನೂ ಕೂರಗೊಡಲಿಲ್ಲ. ಗಂಡ ಕೆಲಸದಿಂದ ಬಂದರೆ ಮೈ ತೊಳೆದು ಬಟ್ಟೆ ಬದಲಿಸದೆ ಒಳಕೋಣೆಗೆ ಬಿಡುತ್ತಿರಲಿಲ್ಲ. ಅತ್ತೆ ಬಚ್ಚಲಿನ ಹೊರಗೆ ಅವನ ಅಂಗಿ ಒದರುತ್ತಿದ್ದವರು ಈಗ ಅದನ್ನು ನೇರವಾಗಿ ನೀರಿಗೆ ಅದ್ದುತ್ತಿದ್ದರು. ಬೇಯಿಸಿದ ಮೊಟ್ಟೆಯಲ್ಲಿ ಒಂದು ಚೂರನ್ನು ಕೇಳದೆಯೇ ಎತ್ತಿಟ್ಟು, "ಬಾಣಂತಿಗೆ" ಎನ್ನುತ್ತಿದ್ದರು.

ಎರಡು ಮರಿಗಳನ್ನು ತಾಯಿಯೇ ತಿಂದಿತು.

"ಹೆತ್ತ ತಾಯೇನೇ?" ಎಂದು ಅತ್ತೆ ಬಾಯಿಗೆ ಸೆರಗು ಹಿಡಿದರು.

"ಉಳಿಯಲ್ಲ ಅನಿಸಿದ್ರೆ ಹೀಗೆ ಮಾಡ್ತವೆ ಅತ್ತೆ."

ಇನ್ನೆರಡು ಬೆಳೆಯಲೇ ಇಲ್ಲ. ಉಳಿದ ಮೂರಕ್ಕೆ ಕೂದಲು ಬಂತು, ಕಣ್ಣು ತೆರೆಯಿತು. ಕಿವಿಗೆ ಹಿಡಿದರೆ ಉಸಿರು ಸ್ವಚ್ಛವಾಗಿತ್ತು. ತಾಯಿಯ ಉಸಿರು ಮಾತ್ರ ಸರಿಹೋಗಲಿಲ್ಲ. ಮರಿಗಳು ಕಾಳು ಕಡಿಯಲು ಕಲಿತ ಮೇಲೆ ಒಂದು ಮಧ್ಯಾಹ್ನ ದೊರೆಸಾನಿ ಗೂಡಿನಿಂದ ಹೊರಬಂದು, ನೀರಿನ ಬಟ್ಟಲಿನ ಪಕ್ಕ ಮಲಗಿತು. ಮತ್ತೆ ಏಳಲಿಲ್ಲ. ಸೊಸೆ ಅದನ್ನು ಎತ್ತಿ ತೆಗೆದು, ಕಾಗದ ಬದಲಿಸಿ, ಒಂದೊಂದೇ ಮರಿಯನ್ನು ಬಾಲ ಎತ್ತಿ ನೋಡಿದಳು. ಇನ್ನೊಮ್ಮೆ ನೋಡಿದಳು. ಯಾರಿಗೂ ಏನೂ ಹೇಳಲಿಲ್ಲ. ಆ ಸಂಜೆ ಗಂಡನಿಗೆ, "ಮೇಸ್ತ್ರಿಗೆ ಬರ್ತಾಳೆ ಅಂತ ಹೇಳಿ" ಎಂದಳು.

ಸೇರುವ ದಿನ ಬೆಳಿಗ್ಗೆ ಅವಳು ಎರಡು ಡಬ್ಬಿ ಊಟ ಕಟ್ಟಿದಳು. ಗಂಡ ಹೊರಗೆ ಸೈಕಲ್ಲು ಒರೆಸುತ್ತಿದ್ದ. ಅವಳು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಬಂದು ಬಾಗಿಲಿಗೆ ಅಡ್ಡ ನಿಂತರು.

"ಹೋಗಬೇಡ."

"ಅತ್ತೆ, ಹೊತ್ತಾಯ್ತು."

"ನಾನೇ ಹೋಗು ಹೋಗು ಅಂದಿದ್ದು. ಈಗ ನಾನೇ ಹೇಳ್ತಿದೀನಿ, ಬೇಡ. ಇವರದು ಕೇಳ್ತಿದೀನಿ, ಮೊನ್ನೆಯಿಂದ ಅವನದೂ ಕೇಳ್ತಿದೀನಿ. ಇನ್ನೊಂದು ಕೆಮ್ಮು ನನ್ನ ಕೈಲಿ ಕೇಳೋಕಾಗಲ್ಲ. ಇಲಿ ಸಾಕು ನೀನು. ಮೂರು ಉಳಿದಿವೆಯಲ್ಲ, ಮತ್ತೆ ಮರಿ ಮಾಡಿಸು. ನಾನು ಕಾಗದ ಹರಿದು ಕೊಡ್ತೀನಿ. ಇಡೀ ಮನೆಗೇ ಹಾಸು, ನಾನು ಬಾಯಿ ಬಿಡಲ್ಲ."

"ಮೂರೂ ಗಂಡು, ಅತ್ತೆ."

ಅತ್ತೆಗೆ ಒಮ್ಮೆಗೇ ತಿಳಿಯಲಿಲ್ಲ. ತಿಳಿದ ಮೇಲೂ ಅವರು ಜಾಗ ಬಿಡಲಿಲ್ಲ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬರ್ತೀಯಾ?" ಎಂದು ಮಗ ಹೊರಗಿನಿಂದ ಕೂಗಿದ.

ಗೋಡೆಗೊರಗಿ ಕುಳಿತಿದ್ದ ಮಾವ ಗಂಟಲು ಸರಿಮಾಡಿಕೊಂಡರು. "ಕೇಳಿಲ್ಲಿ ಮಗೂ. ಪಾಲಿಶ್ ಕೋಣೇಲಿ ಒಳಗಡೆ ಸಾಲಿನಲ್ಲಿ ಕೂರಬೇಡ. ಕಿಟಕಿ ಪಕ್ಕದ ಜಾಗ ಕೇಳು. ನನ್ನ ಹೆಸರು ಹೇಳಿ ಕೇಳು. ಕಿಟಕಿ ಪಕ್ಕ ಗಾಳಿ ಇರುತ್ತೆ."

"ಆಗಲಿ ಮಾವ."

ಮಗ ಹೊಸ್ತಿಲ ತನಕ ಬಂದಿದ್ದ. ಅತ್ತೆಯ ಭುಜದ ಮೇಲಿಂದ ಒಳಗೆ ನೋಡಿ ಹೇಳಿದ: "ಆ ಕಿಟಕಿಗೆ ಹಲಗೆ ಹೊಡೆದು ಮುಚ್ಚಿದಾರೆ ಅಪ್ಪ. ನೀವು ಬಿಟ್ಟ ವರ್ಷವೇ. ಹಸಿ ಪಾಲಿಶ್ ಮೇಲೆ ಧೂಳು ಕೂರುತ್ತೆ ಅಂತ."

ಮಾವ ತಲೆಯಾಡಿಸಿದರು. ಬಡಗಿಯಾಗಿ ಅದರಲ್ಲಿ ತಪ್ಪು ಹುಡುಕಲು ಅವರಿಗೆ ಏನೂ ಸಿಗಲಿಲ್ಲ. ಹಸಿ ಪಾಲಿಶ್ ಮೇಲೆ ಧೂಳು ಕೂರಬಾರದು.

"ದಾರಿ ಬಿಡೇ" ಎಂದರು ಹೆಂಡತಿಗೆ.

ಅತ್ತೆ ಒಂದು ಕೈ ತೆಗೆದರು. ಆಮೇಲೆ ಇನ್ನೊಂದು.